ಮಳೆಯಾಶ್ರಿತ ಸಣ್ಣ ರೈತರು ಬರ ಎದುರಿಸಲು ನೆರವಾಗುವುದು ಹೇಗೆ: ಬೇಸಿಗೆಯಿಂದ ಸುಗ್ಗಿಯವರೆಗಿನ ಸಮಗ್ರ ಮಾರ್ಗದರ್ಶಿ

2023ರ ಮುಂಗಾರಿನಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮೊದಲ ಘೋಷಣೆ ಹೊರಬಿದ್ದದ್ದು ಸೆಪ್ಟೆಂಬರಿನಲ್ಲಿ. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ, 2024ರ ಏಪ್ರಿಲ್ ಕೊನೆಗೆ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಆ ಹೊತ್ತಿಗೆ ರೈತರು ಮುಂದಿನ ವರ್ಷದ ಮಾಗಿ ಉಳುಮೆ ಮುಗಿಸಿ ಬಿತ್ತನೆ ಬೀಜ ಹುಡುಕುತ್ತಿದ್ದರು. ಪರಿಹಾರ, ವಿಮೆ, ಸಾಲದ ಪುನರ್‌ಹೊಂದಾಣಿಕೆ ಎಲ್ಲವೂ ಅಗತ್ಯವೇ, ಆದರೆ ಅವೆಲ್ಲವೂ ತಡವಾಗಿ ಬರುತ್ತವೆ. ಅವು ಬರುವವರೆಗೆ ಸಂಸಾರವನ್ನು ನಿಲ್ಲಿಸುವುದು ರೈತ ತಾನೇ ಮುಂಚಿತವಾಗಿ ಮಾಡಿಟ್ಟುಕೊಂಡ ತೀರ್ಮಾನಗಳು: ಯಾವ ತಾರೀಖಿನವರೆಗೆ ಯಾವ ಬೆಳೆಗೆ ಕಾಯುವುದು, ಎಷ್ಟು ಖರ್ಚಿಗೆ ಕೈ ಹಾಕುವುದು, ಯಾವ ದನವನ್ನು ಯಾವಾಗ ಮಾರುವುದು. ಇವನ್ನು ಮಳೆ ಕೈಕೊಟ್ಟ ಆತಂಕದಲ್ಲಿ ಕೂತು ಯೋಚಿಸುವುದಕ್ಕಿಂತ ಬೇಸಿಗೆಯಲ್ಲಿಯೇ ಬರೆದಿಟ್ಟುಕೊಳ್ಳಬೇಕು ಎಂಬುದೇ ಈ ಮಾರ್ಗದರ್ಶಿಯ ಒಟ್ಟು ಆಶಯ.

ಇದನ್ನು ಬರೆದಿರುವುದು ಸಣ್ಣ ರೈತರ ಜೊತೆ ನಿಂತು ಕೆಲಸ ಮಾಡುವವರಿಗಾಗಿ, ಅಂದರೆ ಕೃಷಿ ಸಖಿಯರು, ರೈತ ಉತ್ಪಾದಕ ಕಂಪನಿಗಳ ಕಾರ್ಯಕರ್ತರು, ಸ್ವಸಹಾಯ ಸಂಘದವರು, ಪಂಚಾಯಿತಿ ಸದಸ್ಯರು ಹಾಗೂ ಪೇಟೆಯಲ್ಲಿದ್ದುಕೊಂಡು ಊರಿನ ಹೊಲದ ಚಿಂತೆ ಬಿಡದ ರೈತ ಮಕ್ಕಳಿಗಾಗಿ. ಉದಾಹರಣೆಗಳು ಹೆಚ್ಚಾಗಿ ಚಳ್ಳಕೆರೆ, ಹಿರಿಯೂರು, ಪಾವಗಡ, ಶಿರಾ ಭಾಗದ ಕೆಂಪು ಮಣ್ಣಿನ ಹೊಲಗಳಿಂದ ಬಂದಿವೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಆ ಮಳೆಯೂ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಹೆಚ್ಚು ಬೀಳುವ ಸೀಮೆ ಇದು. ಕಪ್ಪು ಮಣ್ಣಿನ ವಿಜಯಪುರದ ಕಡೆಗೆ ಬದಲಾಗುವ ಸಂಗತಿಗಳನ್ನು ಅಲ್ಲಲ್ಲಿ ಸೂಚಿಸಿದ್ದೇನೆ.

ಮೊದಲ ಹೆಜ್ಜೆ: ಬೆಳೆಗಿಂತ ಮುಂಚೆ ಮನೆಯ ಲೆಕ್ಕ

ಮಾರ್ಚ್ ಅಥವಾ ಏಪ್ರಿಲ್ ತಿಂಗಳಲ್ಲಿ, ಕೆಲಸದ ಒತ್ತಡವಿಲ್ಲದ ಒಂದು ಸಂಜೆ, ರೈತನ ಮನೆಯಲ್ಲಿ ಕೂತು ಒಂದು ಹಾಳೆಯ ಮೇಲೆ ನಾಲ್ಕು ಸಂಗತಿಗಳನ್ನು ಬರೆಯಿರಿ. ಹೊಲದ ಯಾವ ತುಂಡಿನಲ್ಲಿ ಮಳೆ ನಿಂತು ಎಂಟು ದಿನವಾದರೂ ತೇವ ಉಳಿಯುತ್ತದೆ, ಯಾವುದು ಬೇಗ ಬಾಡುತ್ತದೆ; ಮನೆಯ ಊಟಕ್ಕೆ ಸುಗ್ಗಿಯಿಂದ ಸುಗ್ಗಿಗೆ ಎಷ್ಟು ರಾಗಿ ಅಥವಾ ಜೋಳ ಬೇಕು, ಕಣಜದಲ್ಲಿ ಎಷ್ಟಿದೆ; ದನ ಮತ್ತು ಕುರಿಗಳಿಗೆ ಎಷ್ಟು ತಿಂಗಳ ಮೇವು ಇದೆ; ಸಾಲಗಳು ಯಾವುವು, ಯಾವುದರ ಕಂತು ಯಾವ ದಿನ ಬೀಳುತ್ತದೆ.

ಈ ಮಾತುಕತೆಯಲ್ಲಿ ಮನೆಯ ಹೆಣ್ಣುಮಕ್ಕಳು ಇರಲೇಬೇಕು. ಸಹಕಾರ ಸಂಘದ ಬೆಳೆಸಾಲ ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲಿರುತ್ತದೆ. ವಾರದ ಕಂತಿನ ಸಾಲ ಮತ್ತು ಒಡವೆ ಅಡ ಇಟ್ಟ ಸಾಲ ಹೆಂಗಸರ ಹೆಸರಿನಲ್ಲಿರುತ್ತವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಮನೆಯ ನಿಜವಾದ ಹೊರೆ ತಿಳಿಯುವುದಿಲ್ಲ. ಗೊಬ್ಬರದ ಅಂಗಡಿಯ ಉದ್ರಿಯನ್ನೂ ಬರೆಸಿಕೊಳ್ಳಿ, ಅದನ್ನು ಸಾಲವೆಂದು ಎಣಿಸದೆ ಬಿಡುವ ರೂಢಿ ಇದೆ.

ಲೆಕ್ಕ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಈ ವರ್ಷ ಮಳೆ ಪೂರ್ತಿ ಹೋದರೂ, ದನ ಮತ್ತು ಒಡವೆ ಕಳೆದುಕೊಳ್ಳದೆ ತೀರಿಸಬಲ್ಲ ಹಣ ಎಷ್ಟು? ಬಿತ್ತನೆಗೆ ಹಾಕುವ ಖರ್ಚು ಆ ಮೊತ್ತವನ್ನು ಮೀರಬಾರದು. ಉದಾಹರಣೆಗೆ ಶೇಂಗಾ ಬಿತ್ತನೆಗೆ ಎಕರೆಗೆ 40ರಿಂದ 50 ಕೆ.ಜಿ. ಬೀಜ ಬೇಕು. ಮೂರು ಎಕರೆಗೂ ಶೇಂಗಾ ಬಿತ್ತಿ, ಮೊಳಕೆಯ ಹಂತದಲ್ಲಿಯೇ ಬೆಳೆ ಒಣಗಿದರೆ 1.2ರಿಂದ 1.5 ಕ್ವಿಂಟಲ್ ಬೀಜದ ಹಣ ಮಣ್ಣುಪಾಲಾಗುತ್ತದೆ. ಅದೇ ಮನೆ ಒಂದು ಎಕರೆಗೆ ಶೇಂಗಾ, ಒಂದಕ್ಕೆ ನಡುನಡುವೆ ತೊಗರಿಯ ಅಕ್ಕಡಿ ಸಾಲು ಹಾಕಿದ ರಾಗಿ, ಉಳಿದುದಕ್ಕೆ ನವಣೆ ಅಥವಾ ಹುರುಳಿ ಎಂದು ಹಂಚಿಕೊಂಡರೆ ಒಳ್ಳೆಯ ಮಳೆಯ ವರ್ಷದ ಲಾಭ ಸ್ವಲ್ಪ ತಗ್ಗುತ್ತದೆ ನಿಜ, ಆದರೆ ಕೆಟ್ಟ ವರ್ಷದಲ್ಲಿ ಊಟ ಮತ್ತು ಮೇವು ಎರಡೂ ಪೂರ್ತಿ ತಪ್ಪುವುದಿಲ್ಲ. ಸಣ್ಣ ಹಿಡುವಳಿದಾರನಿಗೆ ಈ ವ್ಯಾಪಾರವೇ ಲಾಭದ್ದು ಎಂದು ನಾನು ಖಚಿತವಾಗಿ ನಂಬುತ್ತೇನೆ.

ಎರಡನೇ ಹೆಜ್ಜೆ: ಬಿದ್ದ ಮಳೆ ಬಿದ್ದ ಹೊಲದಲ್ಲೇ ಇಂಗುವಂತೆ ಮಾಡುವುದು

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. 40 ಮಿಲಿಮೀಟರಿನ ಒಂದು ಜೋರು ಮಳೆ ಎಂದರೆ ಎಕರೆಗೆ 1,60,000 ಲೀಟರ್. ಅದು ಅರ್ಧ ಗಂಟೆಯಲ್ಲಿ ಹಳ್ಳ ಸೇರಿದರೆ ಬೆಳೆಗೆ ಆ ಮಳೆ ಬಂದೂ ಬಾರದಂತೆಯೇ. ಆದ್ದರಿಂದ ಭರಣಿ, ಕೃತ್ತಿಕಾ ಮಳೆಗಳ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ, ಮೊದಲ ಹದ ಸಿಕ್ಕಿದ ಕೂಡಲೇ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿಸಿ. ಟ್ರ್ಯಾಕ್ಟರ್ ಬಾಡಿಗೆಗೆ ಬಂದವರು ಹೊಲದ ಉದ್ದಕ್ಕೆ, ಇಳಿಜಾರಿನ ದಿಕ್ಕಿನಲ್ಲೇ ಹೊಡೆದು ಮುಗಿಸಲು ನೋಡುತ್ತಾರೆ, ಏಕೆಂದರೆ ತಿರುವುಗಳು ಕಡಿಮೆಯಾಗಿ ಕೆಲಸ ಬೇಗ ಮುಗಿಯುತ್ತದೆ. ಹೊಲದ ಯಜಮಾನರು ಸ್ಥಳದಲ್ಲಿ ನಿಂತು ಅಡ್ಡ ಹೊಡೆಸಬೇಕು.

ಬದುಗಳನ್ನು ಸುತ್ತಿ ನೋಡಿ, ಒಡೆದಲ್ಲಿ ಮಣ್ಣು ಕಟ್ಟಿಸಿ, ಹೆಚ್ಚುವರಿ ನೀರು ಹೋಗಲು ಕಲ್ಲು ಜೋಡಿಸಿದ ಕೋಡಿ ಬಿಡಿಸಿ. ಕೋಡಿ ಇಲ್ಲದ ಬದು ಮೊದಲ ದೊಡ್ಡ ಮಳೆಗೇ ಕೊಚ್ಚಿಹೋಗುತ್ತದೆ. ಸಣ್ಣ ಮತ್ತು ಅತಿಸಣ್ಣ ರೈತರ ಸ್ವಂತ ಹೊಲದಲ್ಲಿ ಬದು ನಿರ್ಮಾಣವನ್ನು ಗ್ರಾಮ ಪಂಚಾಯಿತಿಯ ಉದ್ಯೋಗ ಖಾತ್ರಿ ಕಾಮಗಾರಿಯಾಗಿ ಮಾಡಿಸಿಕೊಳ್ಳಲು ಅವಕಾಶವಿದೆ. ಅದಕ್ಕೆ ಕ್ರಿಯಾಯೋಜನೆ ಸಿದ್ಧವಾಗುವ ಗ್ರಾಮಸಭೆಯಲ್ಲಿಯೇ ಅರ್ಜಿ ಕೊಟ್ಟಿರಬೇಕು. ವಿಜಯಪುರದ ಕಡೆಯ ಕಪ್ಪು ಮಣ್ಣಿನಲ್ಲಿ ಹಿಂಗಾರಿ ಬೆಳೆಗಾಗಿ ಹೊಲವನ್ನು ಚೌಕು ಮಡಿಗಳಾಗಿ ಕಟ್ಟಿ ಮುಂಗಾರಿನ ಮಳೆಯನ್ನು ಅಲ್ಲಲ್ಲೇ ಇಂಗಿಸುವ ಪದ್ಧತಿ ಪರೀಕ್ಷೆಗೆ ನಿಂತದ್ದು. ಕೆಂಪು ಮಣ್ಣಿನಲ್ಲಿ ಅದರ ಬದಲು, ರಾಗಿಯ ಎಂಟು ಸಾಲಿಗೆ ಎರಡು ಸಾಲು ತೊಗರಿ ಬಿತ್ತಿ, ತೊಗರಿಯ ಆ ಎರಡು ಸಾಲುಗಳ ನಡುವೆ ನೇಗಿಲಿನಿಂದ ಒಂದು ಆಳದ ಸಾಲು ತೆಗೆದರೆ ಅದೇ ಇಂಗುಗುಂಡಿಯಾಗಿ ಕೆಲಸ ಮಾಡುತ್ತದೆ. ಇದಕ್ಕೆ ಹೆಚ್ಚಿನ ಖರ್ಚೇ ಇಲ್ಲ.

ಬೇಸಿಗೆಯಲ್ಲಿ ಊರಿನ ಕೆರೆ ಬತ್ತಿದ್ದರೆ ಗೋಡು ಮಣ್ಣು, ಅಂದರೆ ಕೆರೆಯ ಹೂಳು, ಹೊಲಕ್ಕೆ ಹೊಡೆಸುವುದನ್ನು ಮರೆಯಬೇಡಿ. ಮರಳು ಮಿಶ್ರಿತ ಕೆಂಪು ನೆಲಕ್ಕೆ ಕೆರೆಗೋಡು ಬಿದ್ದರೆ ತೇವ ಹಿಡಿದಿಡುವ ಗುಣ ಹಲವು ವರ್ಷ ಉಳಿಯುತ್ತದೆ. ಮೂರ್ನಾಲ್ಕು ಮನೆಯವರು ಸೇರಿ ಟ್ರ್ಯಾಕ್ಟರ್ ಹಿಡಿದರೆ ಬಾಡಿಗೆ ಹಂಚಿಹೋಗುತ್ತದೆ.

ಮೂರನೇ ಹೆಜ್ಜೆ: ಕೃಷಿ ಹೊಂಡವೋ ಕೊಳವೆಬಾವಿಯೋ

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಬರದ ವರ್ಷದಲ್ಲಿ ಸಾಲ ಮಾಡಿ ಹೊಸ ಕೊಳವೆಬಾವಿ ಕೊರೆಸಲು ಯಾವ ಸಣ್ಣ ರೈತನಿಗೂ ಸಲಹೆ ಕೊಡಬೇಡಿ. ಈ ಸೀಮೆಯ ಹಲವೆಡೆ ನೀರಿಗಾಗಿ 1,000 ಅಡಿಯವರೆಗೂ ಇಳಿಯುತ್ತಾರೆ. ಅಡಿಗೆ 100 ರೂಪಾಯಿ ಎಂದು ಹಿಡಿದರೂ ಕೊರೆಯುವುದಕ್ಕೇ ಒಂದು ಲಕ್ಷ. ಕೇಸಿಂಗ್, ಮೋಟಾರು, ಪೈಪು, ಕೇಬಲ್ ಬೇರೆ. ನೀರು ಬೀಳದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ಬಿದ್ದರೂ ಪಕ್ಕದವರ ಬಾವಿ ಇನ್ನೂ ಆಳಕ್ಕೆ ಹೋದಾಗ ನಿಲ್ಲುತ್ತದೆ. ಒಂದು ವರ್ಷದ ಬೆಳೆನಷ್ಟವನ್ನು ತಾಳಿಕೊಂಡ ಮನೆಗಳು ಒಂದರ ಮೇಲೊಂದು ವಿಫಲವಾದ ಕೊಳವೆಬಾವಿಗಳ ಸಾಲದಲ್ಲಿ ಜಮೀನು ಮಾರಿದ್ದುಂಟು.

ಕೃಷಿ ಹೊಂಡದ ಲೆಕ್ಕ ಬೇರೆ ತೆರನದು, ಅದನ್ನು ರೈತನ ಎದುರೇ ಮಾಡಿ ತೋರಿಸಿ. ಮೇಲ್ಭಾಗದಲ್ಲಿ 15 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳವಿದ್ದು, ಗೋಡೆಗಳು ಇಳಿಜಾರಾಗಿ ತಳ 9 ಮೀಟರ್ ಚೌಕವಾಗುವ ಹೊಂಡದಲ್ಲಿ ಸುಮಾರು 4,40,000 ಲೀಟರ್ ನೀರು ಹಿಡಿಯುತ್ತದೆ. ವರ್ಷದ 550 ಮಿಲಿಮೀಟರ್ ಮಳೆಯಲ್ಲಿ ಹತ್ತನೇ ಒಂದು ಭಾಗ ಹರಿದು ಬಂದರೂ ಎಕರೆಗೆ 2,20,000 ಲೀಟರ್ ಆಗುತ್ತದೆ, ಅಂದರೆ ಎರಡು ಎಕರೆಯ ಹರಿವು ಈ ಹೊಂಡವನ್ನು ಒಮ್ಮೆ ತುಂಬಿಸುತ್ತದೆ. ಒಂದು ಎಕರೆಗೆ 20 ಮಿಲಿಮೀಟರಿನಷ್ಟು ರಕ್ಷಣಾತ್ಮಕ ನೀರು ಕೊಡಲು 81,000 ಲೀಟರ್ ಬೇಕು. ಆವಿಯಾಗಿ ಮೂರನೇ ಒಂದು ಭಾಗ ಹೋದರೂ ಒಂದು ಎಕರೆಗೆ ಮೂರು ಸಲ ನೀರು ಕೊಡಬಹುದು. ಈ ಲೆಕ್ಕದಿಂದಲೇ ತಿಳಿಯುವಂತೆ, ಹೊಂಡವಿರುವುದು ಒಂದು ಎಕರೆಯ ಬೆಳೆಯನ್ನು ಸಾಯದಂತೆ ಉಳಿಸಲಿಕ್ಕೆ. ಅದನ್ನು ನಂಬಿ ಟೊಮೆಟೊ ಅಥವಾ ಅಡಿಕೆಗೆ ಹೋಗಬಾರದು.

ಕೆಂಪು ಮಣ್ಣಿನಲ್ಲಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೀರು ನಿಲ್ಲುವುದಿಲ್ಲ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ, ಪಾಲಿಥಿನ್ ಹೊದಿಕೆ, ನೀರೆತ್ತುವ ಪಂಪು, ತಂತಿ ಬೇಲಿ, ಹನಿ ಅಥವಾ ತುಂತುರು ಘಟಕ ಇವೆಲ್ಲಕ್ಕೂ ಸಹಾಯಧನವಿದೆ. ಅರ್ಜಿ ಹಾಕುವ ಜಾಗ ಹೋಬಳಿಯ ರೈತ ಸಂಪರ್ಕ ಕೇಂದ್ರ. ಹೊಂಡವನ್ನು ಹೊಲದ ತಗ್ಗಿನ ಮೂಲೆಯಲ್ಲಿ ತೆಗೆಸಿ, ನೀರು ಒಳಬರುವ ಬಾಯಿಯ ಮುಂದೆ ಹೂಳು ನಿಲ್ಲುವ ಸಣ್ಣ ಗುಂಡಿ ತೋಡಿಸಿ. ಬೇಲಿಯನ್ನು ಮಾತ್ರ ಮುಂದೂಡಬೇಡಿ. ಹಾಳೆ ಹಾಸಿದ ಹೊಂಡದ ಗೋಡೆ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾಗದು, ಇಳಿದ ದೊಡ್ಡವರೂ ಬರಲಾಗದು. ನಾಲ್ಕೂ ದಿಕ್ಕಿಗೆ ಗಟ್ಟಿ ಗೂಟಕ್ಕೆ ಕಟ್ಟಿದ, ಗಂಟು ಹಾಕಿದ ಹಗ್ಗಗಳು ನೀರಿನವರೆಗೆ ಇಳಿಬಿದ್ದಿರಬೇಕು.

ನಾಲ್ಕನೇ ಹೆಜ್ಜೆ: ಮಳೆ ಅಳೆದು, ತಾರೀಖು ಬರೆದು ಬಿತ್ತುವುದು

ಮೋಡ ನೋಡಿ ಬಿತ್ತುವುದಕ್ಕಿಂತ ಹದ ನೋಡಿ ಬಿತ್ತುವುದು ಮೇಲೆಂದು ಎಲ್ಲ ರೈತರಿಗೂ ಗೊತ್ತು. ಆದರೂ ಪಕ್ಕದ ಹೊಲದವರು ಕೂರಿಗೆ ಹೂಡಿದ ದಿನ ಕೈಕಟ್ಟಿ ಕೂರುವುದು ಕಷ್ಟ. ಆ ಕಷ್ಟವನ್ನು ತಗ್ಗಿಸುವುದು ಅಳತೆ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಒಂದು ಡಬ್ಬವನ್ನು, ಮರ ಮತ್ತು ಗೋಡೆಗಳಿಂದ ದೂರ, ನೆಲದಿಂದ ಎರಡಡಿ ಎತ್ತರದ ಕಂಬದ ಮೇಲೆ ಕಟ್ಟಿಸಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಶಾಲೆಯ ಸ್ಕೇಲನ್ನು ನೆಟ್ಟಗೆ ಇಳಿಸಿ ನೋಡಿ: ಒಂದು ಸೆಂಟಿಮೀಟರ್ ನೀರು ಎಂದರೆ 10 ಮಿಲಿಮೀಟರ್ ಮಳೆ. ಬರೆದುಕೊಂಡು ಡಬ್ಬ ಖಾಲಿ ಮಾಡಬೇಕು. ಈ ಕೆಲಸವನ್ನು ಮನೆಯ ಶಾಲಾ ಮಕ್ಕಳಿಗೆ ವಹಿಸಿದರೆ ಅವರು ತಪ್ಪದೆ ಮಾಡುತ್ತಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ, ಅದರ ವರುಣ ಮಿತ್ರ ಸಹಾಯವಾಣಿಯಲ್ಲಿ ಮುನ್ಸೂಚನೆ ಸಿಗುತ್ತದೆ. ಆದರೂ ಒಂದೇ ಪಂಚಾಯಿತಿಯಲ್ಲಿ ಒಂದು ಊರಿಗೆ ಬಿದ್ದ ಮಳೆ ಇನ್ನೊಂದಕ್ಕೆ ಬೀಳದ ಉದಾಹರಣೆ ಈ ಸೀಮೆಯಲ್ಲಿ ಸಾಮಾನ್ಯ.

ಎರಡು ಮೂರು ದಿನಗಳಲ್ಲಿ ಒಟ್ಟು 25 ಮಿಲಿಮೀಟರಿನಷ್ಟಾದರೂ ಮಳೆಯಾಗಿದ್ದರೆ ಹೊಲಕ್ಕೆ ಹೋಗಿ ಒಂದು ಗೇಣು ಆಳ ಅಗೆಯಿರಿ. ತಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ಎದೆಯೆತ್ತರದಿಂದ ಬಿಟ್ಟರೆ ಆ ಉಂಡೆ ಒಡೆಯಬೇಕು. ಉಂಡೆ ಕಟ್ಟದಿದ್ದರೆ ತೇವ ಸಾಲದು, ಬಿತ್ತಬೇಡಿ. ಹೊಲದ ಎತ್ತರದ ಕಡೆ ಒಂದು, ತಗ್ಗಿನ ಕಡೆ ಒಂದು, ನಡುವೆ ಒಂದು ಹೀಗೆ ಮೂರು ಕಡೆ ಅಗೆದು ನೋಡಿದರೆ ಯಾವ ತುಂಡಿಗೆ ಇಂದು ಕೂರಿಗೆ ಹೂಡಬಹುದು, ಯಾವುದು ಇನ್ನೊಂದು ಮಳೆಗೆ ಕಾಯಬೇಕು ಎಂಬುದು ಅಲ್ಲಿಯೇ ತಿಳಿಯುತ್ತದೆ.

ಇನ್ನು ತಾರೀಖಿನ ಗೆರೆಗಳು. ಕೆಂಪು ಮಣ್ಣಿನ ಹೊಲಕ್ಕೆ ಇವನ್ನು ಹೀಗೆ ಬರೆಯಬಹುದು. ರೋಹಿಣಿಯಿಂದ ಆರಿದ್ರಾವರೆಗೆ, ಅಂದರೆ ಮೇ ಕೊನೆಯಿಂದ ಜುಲೈ ಮೊದಲ ವಾರದೊಳಗೆ ಹದವಾದರೆ ತೊಗರಿ, ಹರಳು ಮತ್ತು ಶೇಂಗಾ ತೊಗರಿ ಜೋಡಿ ಬಿತ್ತನೆ. ಶೇಂಗಾಕ್ಕೆ ಜುಲೈ ಕೊನೆಯೇ ಗಡಿ. ಪುಷ್ಯ ಮಳೆಯೂ ಕೈಕೊಟ್ಟರೆ ಶೇಂಗಾ ಬೀಜವನ್ನು ಬಿತ್ತದೆ ಮಾರಿಬಿಡುವುದು ಉತ್ತಮ. ರಾಗಿಯಲ್ಲಿ ದೀರ್ಘಾವಧಿಯ ಎಂಆರ್-6ರಂಥ ತಳಿಗಳು ಜುಲೈ ಮಧ್ಯದವರೆಗೆ. 110ರಿಂದ 115 ದಿನಗಳ ಜಿಪಿಯು-28, ಎಂಎಲ್-365 ಆಗಸ್ಟ್ ಮಧ್ಯದವರೆಗೆ. ಅದೂ ದಾಟಿ ಮಘಾ ಮಳೆಗೆ ಹದವಾದರೆ 100 ದಿನದೊಳಗೆ ಬರುವ ಜಿಪಿಯು-48 ಅಥವಾ ನವಣೆ, ಸಾಮೆ. ಹುಬ್ಬಾ ಮಳೆ, ಅಂದರೆ ಸೆಪ್ಟೆಂಬರ್ ಮೊದಲರ್ಧ, ಬರುವವರೆಗೂ ಹೊಲ ಬೀಳಾಗಿಯೇ ಇದ್ದರೆ ಹುರುಳಿ, ಅಲಸಂದೆ, ಇಲ್ಲವೇ ಬರಿ ಮೇವಿನ ಜೋಳ. ಕಪ್ಪು ಮಣ್ಣಿದ್ದವರು ಸೆಪ್ಟೆಂಬರ್ ಉತ್ತರಾರ್ಧದಲ್ಲಿ ಹಿಂಗಾರಿ ಜೋಳ, ಅಕ್ಟೋಬರಿನಲ್ಲಿ ಕಡಲೆ ಇಟ್ಟುಕೊಳ್ಳಬಹುದು. ಹಿಂಗಾರಿ ಜೋಳದ ಬೀಜವನ್ನು ಲೀಟರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿನಲ್ಲಿ 8 ಗಂಟೆ ನೆನೆಸಿ, ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಮೊಳಕೆ ಒಣಹವೆಯನ್ನು ಹೆಚ್ಚು ತಾಳುತ್ತದೆ.

ಪ್ರತಿ ಜಿಲ್ಲೆಗೂ ಇಂಥ ಪರ್ಯಾಯ ಬೆಳೆ ಯೋಜನೆಯನ್ನು ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧಪಡಿಸಲಾಗಿದೆ. ಚಿತ್ರದುರ್ಗದವರು ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಬೇರೆಯವರು ತಮ್ಮ ಜಿಲ್ಲೆಯ ಕೇಂದ್ರದಲ್ಲಿ ಕೇಳಿ, ತಮ್ಮ ಹೋಬಳಿಗೆ ಹೊಂದುವ ತಾರೀಖುಗಳನ್ನು ಖಚಿತಪಡಿಸಿಕೊಳ್ಳಬೇಕು. ಇಷ್ಟೆಲ್ಲ ಬರೆದಿಟ್ಟರೂ ಬೀಜ ಕೈಯಲ್ಲಿಲ್ಲದಿದ್ದರೆ ಪ್ರಯೋಜನವಿಲ್ಲ. ಆಗಸ್ಟಿನಲ್ಲಿ ಎಲ್ಲರೂ ಏಕಕಾಲಕ್ಕೆ ಅಲ್ಪಾವಧಿ ರಾಗಿ ಕೇಳಿದಾಗ ಅದು ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಸಂಘ ಅಥವಾ ರೈತ ಕಂಪನಿಯ ಮಟ್ಟದಲ್ಲಿ ಜಿಪಿಯು-48, ನವಣೆ, ಹುರುಳಿ ಬೀಜವನ್ನು ಏಪ್ರಿಲಿನಲ್ಲೇ ಸಂಗ್ರಹಿಸಿಡಿ. ಹುರುಳಿಗೆ ಬೀಜದ ಖರ್ಚು ಕಡಿಮೆ, ಬಳಸದೆ ಉಳಿದರೆ ಅಡುಗೆಗಾಯಿತು.

ನೀರಿನ ಚಿಕ್ಕ ಆಸರೆ ಇದ್ದವರಿಗೆ ಇನ್ನೊಂದು ದಾರಿಯಿದೆ: ಹದಿನೈದು ದಿನಗಳ ಅಂತರದಲ್ಲಿ ಎರಡು ಬಾರಿ ರಾಗಿ ಸಸಿಮಡಿ ಹಾಕುವುದು. ಮಳೆ ಬಂದ ದಿನ 21ರಿಂದ 25 ದಿನದ ಸಸಿ ಕೈಯಲ್ಲಿದ್ದರೆ ನಾಟಿ ರಾಗಿಯು ಬಿತ್ತನೆ ರಾಗಿಗಿಂತ ಹೊಲದಲ್ಲಿ ಕಳೆಯುವ ದಿನಗಳನ್ನು ಅಷ್ಟರಮಟ್ಟಿಗೆ ಉಳಿಸುತ್ತದೆ.

ಐದನೇ ಹೆಜ್ಜೆ: ಕಾಗದಪತ್ರ ಮತ್ತು ವಿಮೆ

ಬರದಲ್ಲಿ ಹಣ ತಪ್ಪಿಹೋಗುವುದು ಹೆಚ್ಚಾಗಿ ಕಾಗದದ ಕಾರಣಕ್ಕೆ, ಹೀಗಾಗಿ ಹೊರಗಿನಿಂದ ನೆರವಾಗುವವರು ಅತಿ ಹೆಚ್ಚು ಉಪಕಾರ ಮಾಡಬಹುದಾದ ಜಾಗವೂ ಇದೇ. ಪಹಣಿ ಇನ್ನೂ ತೀರಿಹೋದ ತಂದೆ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಬದಲಾವಣೆಗೆ ಬೇಸಿಗೆಯಲ್ಲೇ ಅರ್ಜಿ ಹಾಕಿಸಿ. ರೈತರ ನೋಂದಣಿಯ ಸರ್ಕಾರಿ ವ್ಯವಸ್ಥೆಯಾದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆ ಇದ್ದರೆ ಸಾಲದು, ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿರಬೇಕು; ಸೇರದ ತುಂಡಿಗೆ ಪರಿಹಾರದ ಲೆಕ್ಕ ಬರುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಪಾಸ್‌ಬುಕ್ ಹಿಡಿದು ಬ್ಯಾಂಕಿನಲ್ಲಿಯೇ ಕೇಳಿ ತಿಳಿಯಿರಿ. ಬಿತ್ತನೆಯಾದ ಮೇಲೆ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ರೈತನೇ ಬೆಳೆಯ ಚಿತ್ರ ಹಾಕಬೇಕು, ಬೇರೆಯವರು ಹಾಕಿದ್ದರೆ ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬೇಕು. ಹೊಲದಲ್ಲಿ ಶೇಂಗಾ, ಸಮೀಕ್ಷೆಯಲ್ಲಿ ರಾಗಿ ಎಂದಿದ್ದರೆ ವಿಮೆ ತಿರಸ್ಕೃತವಾಗುತ್ತದೆ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳಿಗೆ ರೈತನ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಎಕರೆಗೆ ವಿಮಾ ಮೊತ್ತ 20,000 ರೂಪಾಯಿ ಎಂದಿಟ್ಟುಕೊಂಡರೆ ರೈತ ಕಟ್ಟುವುದು 400. ಇದರಲ್ಲಿ ಬಹಳಷ್ಟು ಜನ ತಿಳಿಯದೆ ನೋಯುವ ಸಂಗತಿಯೊಂದಿದೆ: ಬರದ ನಷ್ಟಕ್ಕೆ ಲೆಕ್ಕ ಹಿಡಿಯುವುದು ನಿಮ್ಮ ಹೊಲದ ಇಳುವರಿಯನ್ನಲ್ಲ, ಗ್ರಾಮ ಪಂಚಾಯಿತಿಯ ಅಥವಾ ಸಣ್ಣ ಬೆಳೆಗಳಿಗೆ ಹೋಬಳಿಯ ಸರಾಸರಿ ಇಳುವರಿಯನ್ನು. ಆ ಪಂಚಾಯಿತಿ ಅಥವಾ ಹೋಬಳಿಯೇ ವಿಮೆಯ ಘಟಕ. ಅದರ ಹೊಸ್ತಿಲು ಇಳುವರಿ, ಅಂದರೆ ನಷ್ಟ ಅಳೆಯಲು ಆಧಾರವಾಗಿ ಹಿಡಿಯುವ ಇಳುವರಿ, 4 ಕ್ವಿಂಟಲ್ ಆಗಿದ್ದು, ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗದಲ್ಲಿ 2.5 ಕ್ವಿಂಟಲ್ ಬಂದರೆ, ಕೊರತೆ ಶೇ 37.5, 20,000ಕ್ಕೆ 7,500 ರೂಪಾಯಿ ಸಿಗುತ್ತದೆ. ನಿಮ್ಮದು ಪೂರ್ತಿ ಒಣಗಿದ್ದರೂ ಅಷ್ಟೇ, ಅರ್ಧ ಬಂದಿದ್ದರೂ ಅಷ್ಟೇ. ಆದ್ದರಿಂದಲೇ ಬೆಳೆ ಕಟಾವು ಪ್ರಯೋಗ ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ನಡೆಯುತ್ತದೆ ಎಂದು ವಿಚಾರಿಸಿ, ಊರಿನ ನಾಲ್ಕು ಜನ ಅಲ್ಲಿ ನಿಂತು ತೂಕ ನೋಡುವುದು ಊರಿನ ಎಲ್ಲರ ಹಿತದ ಕೆಲಸ. ಮಳೆಯಿಲ್ಲದೆ ಘಟಕದ ಶೇ 75ಕ್ಕೂ ಹೆಚ್ಚು ಪ್ರದೇಶ ಬಿತ್ತನೆಯಾಗದೆ ಉಳಿದರೆ ವಿಮಾ ಮೊತ್ತದ ಶೇ 25 ಕೊಟ್ಟು ಆ ವಿಮೆ ಅಲ್ಲಿಗೆ ಮುಗಿಯುತ್ತದೆ.

2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಈ ವಿಮೆ ಐಚ್ಛಿಕ. ಕೊನೆಯ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆ, ಪ್ರತಿ ಹಂಗಾಮಿನ ಅಧಿಸೂಚನೆಯನ್ನು ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ನೋಡಿ. ಕೋರಿಗೆ ಅಥವಾ ವಾರಕ್ಕೆ, ಅಂದರೆ ಬೆಳೆಯ ಪಾಲಿನ ಮೇಲೆ ಇನ್ನೊಬ್ಬರ ಹೊಲ ಮಾಡುವವರ ಸ್ಥಿತಿ ಇಲ್ಲಿ ಅತ್ಯಂತ ಕಠಿಣ, ಖರ್ಚು ಅವರದು, ಹಣ ಪಹಣಿದಾರರ ಖಾತೆಗೆ. ಬಿತ್ತನೆಗೆ ಮುಂಚೆಯೇ ವಿಮೆ ಮತ್ತು ಪರಿಹಾರದ ಹಣವನ್ನು ಹೇಗೆ ಹಂಚಿಕೊಳ್ಳುವುದೆಂದು ಇಬ್ಬರ ನಡುವೆ ಒಂದು ಬರಹ ಮಾಡಿಸಿ, ಊರಿನ ಹಿರಿಯರ ಸಹಿ ಹಾಕಿಸಿ.

ಆರನೇ ಹೆಜ್ಜೆ: ನಡುವೆ ಮಳೆ ನಿಂತಾಗ

ಹತ್ತು ದಿನ ಮಳೆಯಿಲ್ಲದಿದ್ದರೆ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು ಮೊದಲ ಕೆಲಸ. ಕಳೆ ಹೋಗುತ್ತದೆ, ಮೇಲ್ಮಣ್ಣು ಪುಡಿಯಾಗಿ ಕೆಳಗಿನ ತೇವ ಆವಿಯಾಗುವುದು ತಗ್ಗುತ್ತದೆ, ಕಪ್ಪು ಮಣ್ಣಿನಲ್ಲಿ ಬಿರುಕುಗಳು ಮುಚ್ಚುತ್ತವೆ. ಒಣಹವೆಯಲ್ಲಿ ಯೂರಿಯಾ ಎರಚುವುದು ದಂಡ, ಮಳೆ ಬರುವವರೆಗೆ ಚೀಲ ಮನೆಯಲ್ಲಿರಲಿ. ಎಲೆ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತಿದ್ದರೆ ಇನ್ನೂ ಸಮಯವಿದೆ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಗಿಡಗಳ ಸಂಖ್ಯೆ ಕಡಿಮೆ ಮಾಡಬೇಕು. ಜೋಳದಲ್ಲಿ ಮೂರಕ್ಕೆ ಒಂದು ಸಾಲು ಕಿತ್ತು ದನಕ್ಕೆ ಮೇವು ಮಾಡಲು ಯಾವ ರೈತನಿಗೂ ಮನಸ್ಸು ಬರುವುದಿಲ್ಲ, ಆದರೆ ಉಳಿದ ಎರಡು ಸಾಲು ತೆನೆ ಕಟ್ಟುವುದು ಅದರಿಂದಲೇ.

ಹೊಂಡದ ನೀರನ್ನು ಆತುರದಿಂದ ಎಳೆ ಪೈರಿಗೆ ಮುಗಿಸಬೇಡಿ. ಶೇಂಗಾದಲ್ಲಿ ಹೂವಿನ ಬಳಿಕ ಕಾಯಿಯಾಗುವ ಮೊಳೆ, ಅಂದರೆ ಊಡು, ಮಣ್ಣಿಗಿಳಿದು ಕಾಯಿ ಕಟ್ಟುವ ಕಾಲ, ರಾಗಿಯಲ್ಲಿ ತೆನೆ ಹೊರಟು ಕಾಳು ತುಂಬುವ ಕಾಲ, ತೊಗರಿಯಲ್ಲಿ ಹೂ ಮತ್ತು ಕಾಯಿಯ ಕಾಲ, ಇವುಗಳಿಗಾಗಿ ನೀರು ಉಳಿಸಿ, ಹಾಯಿ ನೀರು ಬಿಡದೆ ತುಂತುರಿನಲ್ಲಿ ಕೊಡಿ. ಮಳೆ ಮರಳಿದ ಮೇಲೆ ಶೇ 2ರ ಯೂರಿಯಾ ದ್ರಾವಣ, ಅಂದರೆ ಲೀಟರಿಗೆ 20 ಗ್ರಾಂ, ಎಲೆಗೆ ಸಿಂಪಡಿಸಿದರೆ ಬಡವಾದ ಬೆಳೆ ಬೇಗ ಮೇಲೇಳುತ್ತದೆ.

ಏಳನೇ ಹೆಜ್ಜೆ: ಮೇವು ಮತ್ತು ದನಕುರಿ

ಒಂದು ದೊಡ್ಡ ದನಕ್ಕೆ ದಿನಕ್ಕೆ ಸುಮಾರು 6 ಕೆ.ಜಿ. ಒಣಮೇವು ಎಂದು ಹಿಡಿಯಿರಿ. ಎರಡು ಹಸುಗಳಿಗೆ ಐದು ತಿಂಗಳಿಗೆ 1,800 ಕೆ.ಜಿ. ಬೇಕಾಗುತ್ತದೆ. ಬಣವೆಯ ಒಂದು ಹೊರೆಯನ್ನು ತೂಗಿ, ಹೊರೆಗಳನ್ನು ಎಣಿಸಿದರೆ ಇರುವುದೆಷ್ಟೆಂದು ತಿಳಿಯುತ್ತದೆ. ಆಗಸ್ಟ್ ಮಧ್ಯದಲ್ಲಿ ಈ ಲೆಕ್ಕ ಮಾಡಿ, ಕೊರತೆ ಕಂಡರೆ ಹಾಲು ಕೊಡದ, ವಯಸ್ಸಾದ ಅಥವಾ ಹೆಚ್ಚುವರಿ ದನಕುರಿಗಳನ್ನು ಆಗಲೇ ಮಾರುವುದು ಒಳ್ಳೆಯದು. ಅಕ್ಟೋಬರಿನಲ್ಲಿ ಸೀಮೆಯ ಎಲ್ಲರೂ ಸಂತೆಗೆ ಹೊಡೆದುಕೊಂಡು ಬಂದಾಗ ಬೆಲೆ ಬಿದ್ದಿರುತ್ತದೆ, ದನವೂ ಬಡಕಲಾಗಿರುತ್ತದೆ.

ಹುಲ್ಲನ್ನು ಉಪಚರಿಸಿ ಅದರ ಸತ್ವ ಹೆಚ್ಚಿಸಬಹುದು. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 65 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಮೂರು ವಾರ ಬಿಡಬೇಕು. ತೆಗೆದ ಹುಲ್ಲನ್ನು ಸ್ವಲ್ಪ ಹೊತ್ತು ಗಾಳಿಗೆ ಹರವಿ ನಂತರ ತಿನ್ನಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಲೇಬಾರದು. ಯೂರಿಯಾ ಕರಗಿಸಿದ ನೀರನ್ನು ದನ ಕುಡಿದರೆ ಪ್ರಾಣಾಪಾಯ, ಆದ್ದರಿಂದ ಆ ಪಾತ್ರೆಯನ್ನು ತೊಳೆದು ಮಗುಚಿಡಿ.

ಬಾಡಿದ ಎಳೆ ಜೋಳದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ನೀರಿಲ್ಲದೆ ಕುಗ್ಗಿದ, ಮೊಳಕಾಲೆತ್ತರದ ಜೋಳದ ಪೈರಿನಲ್ಲಿ ಸಯನೈಡ್ ವಿಷ ಹೆಚ್ಚಿರುತ್ತದೆ. ಒಂದು ಮಳೆ ಬಿದ್ದು ಹೊಸ ಚಿಗುರು ಬಂದಾಗಲೂ ಅಷ್ಟೇ ಅಪಾಯ. ಬೆಳೆ ಹೋಯಿತಲ್ಲ, ದನವಾದರೂ ಮೇಯಲಿ ಎಂದು ಹೊಲಕ್ಕೆ ಬಿಟ್ಟವರ ಹಸುಗಳು ಕೆಲವೇ ನಿಮಿಷಗಳಲ್ಲಿ ಉಸಿರುಗಟ್ಟಿ ಬಿದ್ದ ಉದಾಹರಣೆಗಳಿವೆ. ಹೂ ಬರುವವರೆಗೆ ಹಸಿ ಜೋಳ ಮೇಯಿಸಬಾರದು. ಮೇಲೆ ಹೇಳಿದಂತೆ ಸಾಲು ಕಿತ್ತಿದ್ದರೆ ಆ ಮೇವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿಯೇ ಹಾಕಬೇಕು. ದನ ತೂರಾಡಿ ಏದುಸಿರು ಬಿಟ್ಟರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ಎಂಟನೇ ಹೆಜ್ಜೆ: ಬರ ಘೋಷಣೆಯಾದ ಮೇಲೆ

ಮಳೆ ಕೊರತೆ ಅಥವಾ ಸತತ ಒಣ ವಾರಗಳು, ಬಿತ್ತನೆ ಪ್ರದೇಶ, ಉಪಗ್ರಹದಿಂದ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲ ಇವನ್ನು 2016ರ ಬರ ಕೈಪಿಡಿಯ ಪ್ರಕಾರ ಪರಿಶೀಲಿಸಿ, ಆಯ್ದ ಹಳ್ಳಿಗಳಲ್ಲಿ ಹೊಲ ನೋಡಿ ಬರ ಘೋಷಿಸುತ್ತಾರೆ. ಹಾಗೆ ನೋಡಲು ಬಂದ ತಂಡಕ್ಕೆ ರಸ್ತೆಬದಿಯ ಹೊಲಗಳಷ್ಟನ್ನೇ ತೋರಿಸದೆ ಒಳಗಿನ ಹೊಲಗಳಿಗೂ ಕರೆದೊಯ್ಯಿರಿ, ಡಬ್ಬದಲ್ಲಿ ಅಳೆದ ಮಳೆಯ ಪುಸ್ತಕವನ್ನೂ ಮುಂದಿಡಿ.

2022ರಿಂದ 2026ರವರೆಗಿನ ವಿಪತ್ತು ನಿಧಿಯ ಮಾನದಂಡದಂತೆ, ಶೇ 33 ಅಥವಾ ಹೆಚ್ಚು ಬೆಳೆನಷ್ಟವಾದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕಕ್ಕೆ 22,500 ರೂಪಾಯಿ, ಗರಿಷ್ಠ 2 ಹೆಕ್ಟೇರಿಗೆ. ಮಳೆಯಾಶ್ರಿತ ಎಕರೆಗೆ ಇದು 3,400ರಷ್ಟಾಗುತ್ತದೆ. ಇದು ಮುಂದಿನ ಬಿತ್ತನೆಯ ಬೀಜಕ್ಕೆ ನೆರವಾಗುವ ಹಣ, ಹಳೆಯ ಸಾಲ ತೀರಿಸುವಷ್ಟು ದೊಡ್ಡದಲ್ಲ ಎಂಬುದನ್ನು ರೈತನಿಗೆ ಮೊದಲೇ ತಿಳಿಸಿ. ಬ್ಯಾಂಕ್ ಅದನ್ನು ಸಾಲಕ್ಕೆ ಜಮಾ ಮಾಡಿಕೊಂಡರೆ ತಹಶೀಲ್ದಾರರಿಗೆ ಮತ್ತು ಜಿಲ್ಲಾ ಅಗ್ರಣಿ ಬ್ಯಾಂಕ್ ವ್ಯವಸ್ಥಾಪಕರಿಗೆ ಲಿಖಿತ ದೂರು ಕೊಡಿಸಿ.

ಬೆಳೆಸಾಲವನ್ನು ಕಂತುಗಳಲ್ಲಿ ತೀರಿಸುವ ಅವಧಿಸಾಲವಾಗಿ ಪರಿವರ್ತಿಸುವ ಅವಕಾಶ ಬರಪೀಡಿತ ಪ್ರದೇಶದ ರೈತರಿಗಿದೆ, ಆದರೆ ಅದು ಗಡುವು ಮೀರಿ ಸುಸ್ತಿಯಾಗದ ಸಾಲಕ್ಕೆ. ಆದ್ದರಿಂದ ಗಡುವಿಗೆ ಮುಂಚೆಯೇ ರೈತ ಬ್ಯಾಂಕಿಗೆ ಅಥವಾ ಸಹಕಾರ ಸಂಘಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿರಬೇಕು. ವಾರದ ಕಂತಿನ ಸಾಲ ತೀರಿಸಲು ಮತ್ತೊಂದು ಅಂಥದೇ ಸಾಲ ತೆಗೆಯುವುದನ್ನು ತಡೆಯಿರಿ. ಮನೆಯ ಹಾಳೆಯಲ್ಲಿ ಬರೆದಿಟ್ಟ ಕಂತುಗಳ ಪಟ್ಟಿ ಕೆಲಸಕ್ಕೆ ಬರುವುದು ಇಲ್ಲಿಯೇ, ಯಾರ ಬಳಿ ಅವಧಿ ಕೇಳಬೇಕು, ಯಾವುದನ್ನು ಮೊದಲು ಕಟ್ಟಬೇಕು ಎಂಬುದನ್ನು ಅದು ತೋರಿಸುತ್ತದೆ.

ಸುಗ್ಗಿ ಮುಗಿದ ಮೇಲೆ

ಡಿಸೆಂಬರ್ ಅಥವಾ ಜನವರಿಯಲ್ಲಿ ಅದೇ ಹಾಳೆಯನ್ನು ಮತ್ತೆ ತೆಗೆದು, ಯಾವ ತುಂಡಿನಲ್ಲಿ ಯಾವ ದಿನ ಬಿತ್ತಿದ್ದು, ಎಷ್ಟು ಮಿಲಿಮೀಟರ್ ಮಳೆ ಬಿದ್ದದ್ದು, ಎಷ್ಟು ಕಾಳು ಮತ್ತು ಎಷ್ಟು ಹೊರೆ ಮೇವು ಬಂದದ್ದು ಎಂದು ಪಕ್ಕದಲ್ಲಿ ಬರೆಸಿ. ಒಣಗಿದ ಹೊಲದಲ್ಲಿಯೂ ಅಲ್ಲಲ್ಲಿ ತುಂಬಿದ ತೆನೆ ಕೊಟ್ಟ ಗಿಡಗಳಿದ್ದರೆ, ಆ ತೆನೆಗಳನ್ನು ಬೇರೆಯಾಗಿ ಕೊಯ್ದು, ಬೂದಿ ಮತ್ತು ಬೇವಿನ ಸೊಪ್ಪಿನೊಂದಿಗೆ ಬೀಜಕ್ಕೆ ಎತ್ತಿಡಿಸಿ. ಬದುವಿನ ಮೇಲೆ ಹುಣಸೆ, ಸೀತಾಫಲ, ಹೊಂಗೆ ಸಸಿ ನೆಡುವ ಗುಂಡಿಗಳನ್ನು ಈ ಬಿಡುವಿನಲ್ಲಿ ತೋಡಿಸಬಹುದು, ಮೊದಲ ಮಳೆಗೆ ಅವು ತಯಾರಿರುತ್ತವೆ. ಒಡೆದ ಬದು, ಹೂಳು ತುಂಬಿದ ಹೊಂಡ, ಹರಿದ ಹಾಳೆ ಇವುಗಳ ಪಟ್ಟಿಯನ್ನು ಮುಂದಿನ ಗ್ರಾಮಸಭೆಯ ದಿನಾಂಕಕ್ಕೆ ಮುಂಚೆ ಪಂಚಾಯಿತಿಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ಪಹಣಿಯ ಜೊತೆ ಇಡಿ.